ಮುರಸಾಕಿಯ ನಿಜವಾದ ಹೆಸರು ಯಾಕೆ ಉಳಿದಿಲ್ಲ?

ಗೆಂಜಿ ಕಥೆ ಎಂಬ ಹಳೆಯ ಕಾದಂಬರಿ ಬರೆದ ಜಪಾನೀ ಲೇಖಕಿಗೆ ಮುರಸಾಕಿ ಶಿಕಿಬು ಅನ್ನೋದು ಸ್ವಂತ ಹೆಸರಲ್ಲ ಅಂದರೆ ಜಪಾನಿನ ಆಸ್ಥಾನದಲ್ಲಿ ಹೆಂಗಸರಿಗೆ ಬೆಲೆಯೇ ಇರಲಿಲ್ವಾ ಅಂತ ಕೇಳಿದ್ದೀರಿ. ಪೂರ್ತಿ ಹಾಗಲ್ಲ. ಹೆಯಾನ್ ಕಾಲದಲ್ಲಿ, ಅಂದರೆ ಸುಮಾರು ಸಾವಿರ ವರ್ಷದ ಹಿಂದೆ, ಆಗಿನ ರಾಜಧಾನಿ ಕ್ಯೋಟೋದಲ್ಲಿ ದೊಡ್ಡ ಮನೆತನದ ಹೆಣ್ಣಿನ ಹೆಸರನ್ನು ಹೊರಗಿನವರು ಹೇಳುವ ರೂಢಿ ಇರಲಿಲ್ಲ. ಆಸ್ಥಾನದಲ್ಲಿ ಸೇವೆಗಿದ್ದ ಹೆಂಗಸರನ್ನು ಹೆಚ್ಚಾಗಿ ಅಪ್ಪನದೋ ಅಣ್ಣನದೋ ಹುದ್ದೆಯ ಹೆಸರಿನಿಂದ ಕರೆಯುತ್ತಿದ್ದರು. ಮುರಸಾಕಿಯ ತಂದೆ ತಮೆತೋಕಿ ಶಿಕಿಬು ಎಂಬ ಸರ್ಕಾರಿ ಇಲಾಖೆಯಲ್ಲಿದ್ದರು, ಅದೇ ಶಿಕಿಬು. ಮುರಸಾಕಿ ಅನ್ನೋದು ಇವರೇ ಬರೆದ ಗೆಂಜಿ ಕಥೆಯ ನಾಯಕಿಯಿಂದ ಬಂದಿದ್ದು ಅಂತಾರೆ. ಆದರೆ ಮುರಸಾಕಿ ಸೇವೆಗಿದ್ದ ಮಹಾರಾಣಿ ಶೋಶಿಯ ಹೆಸರು ಉಳಿದಿದೆ, ಯಾಕಂದ್ರೆ ಪದವಿ ಕೊಡುವಾಗ ಅದನ್ನು ದಾಖಲೆಯಲ್ಲಿ ಬರೆಯಲೇಬೇಕಿತ್ತು.

ಇನ್ನು ಬೆಲೆಯ ಮಾತು: ಆಗ ಹೆಣ್ಣುಮಕ್ಕಳಿಗೆ ಆಸ್ತಿಯಲ್ಲಿ ಪಾಲು ಬರುತ್ತಿತ್ತು. ಮದುವೆಯಾದ ಮೇಲೂ ಎಷ್ಟೋ ಜನ ತವರಲ್ಲೇ ಇರುತ್ತಿದ್ದರು, ಗಂಡನೇ ರಾತ್ರಿ ಬಂದು ಹೋಗುತ್ತಿದ್ದ. ಆದರೆ ಅವನಿಗೆ ಬೇರೆ ಹೆಂಡತಿಯರೂ ಇರಬಹುದಿತ್ತು, ಬರದೇ ಹೋದ ರಾತ್ರಿಗಳ ನೋವು ಆ ಕಾಲದ ಹೆಂಗಸರ ದಿನಚರಿಗಳ ತುಂಬಾ ಇದೆ.

ನನಗೆ ಜಾಸ್ತಿ ತಟ್ಟುವುದು ಓದಿನ ವಿಷಯ. ಚೀನೀ ಓದು ಗಂಡಸರದ್ದು ಅಂತಿದ್ದ ಕಾಲ. ತಮ್ಮನಿಗೋ ಅಣ್ಣನಿಗೋ ಪಾಠ ನಡೆಯುವಾಗ ಪಕ್ಕದಲ್ಲಿ ಕೂತು ಕೇಳಿಯೇ ಅವನಿಗಿಂತ ಬೇಗ ಕಲಿತ ಹುಡುಗಿ ಮುರಸಾಕಿ. ನೀನು ಗಂಡಾಗಿ ಹುಟ್ಟಬಾರದಿತ್ತೇ ಅಂತ ಅಪ್ಪ ಕೊರಗಿದ್ದನ್ನು ಅವರೇ ದಿನಚರಿಯಲ್ಲಿ ಬರೆದಿದ್ದಾರೆ. 1001ರಲ್ಲಿ ಗಂಡ ತೀರಿಕೊಂಡ, ಕೆಲವು ವರ್ಷಗಳ ನಂತರ ಶೋಶಿಯ ಸೇವೆಗೆ ಸೇರಿದರು. ಅಲ್ಲಿ ಬೇರೆಯವರಿಲ್ಲದ ಹೊತ್ತು ನೋಡಿ, ಚೀನೀ ಕವಿ ಬೈ ಜುಯಿಯ ಕವಿತೆಗಳನ್ನು ರಾಣಿಗೆ ಗುಟ್ಟಾಗಿ ಕಲಿಸುತ್ತಿದ್ದರು.