ಕೂಸಿನ ಸಹಿ ಇಲ್ಲದ ಕರಾರು

ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳಿವೆ. ಒಪ್ಪಿಗೆಯಿಲ್ಲದೆ ಯಾರ ಮೇಲೂ ಹೊಣೆ ಹೊರಿಸುವಂತಿಲ್ಲ ಎನ್ನುವ ಲಿಬರ್ಟೇರಿಯನ್ನರ ಪ್ರಕಾರ, ಕೂಸಿಗೆ ಉಣಿಸುವ ಹೊಣೆ ಹೆತ್ತವರಿಗೆ ಎಲ್ಲಿಂದ ಬಂತು? ಸಾಲಕ್ಕಾಗಿ ಮಗನನ್ನು ಜೀತಕ್ಕಿಡುವ ಅಪ್ಪನನ್ನು ಈ ಸಿದ್ಧಾಂತ ತಡೆಯುತ್ತದೆಯೇ?

ಎರಡನೆಯದಕ್ಕೆ ಉತ್ತರ ನೇರವಾಗಿದೆ: ತಡೆಯುತ್ತದೆ. ಅಮೆರಿಕದ ಲಿಬರ್ಟೇರಿಯನ್ ಚಿಂತಕರಾದ ಮರ್ರಿ ರಾತ್‌ಬಾರ್ಡ್, ವಿಲಿಯಮ್‌ಸನ್ ಎವರ್ಸ್ ಕಟ್ಟಿದ ಕರಾರು ಸಿದ್ಧಾಂತದಲ್ಲಿ ಬರಿಯ ಮಾತಿಗೆ ಕಾನೂನಿನ ಬಲವಿಲ್ಲ. ಸೊತ್ತಿನ ಒಡೆತನ ಕೈ ಬದಲಾದರೆ ಮಾತ್ರ ಕರಾರು ಕಟ್ಟಿಹಾಕುತ್ತದೆ. ಮಗನ ದುಡಿಮೆ ಅಪ್ಪನ ಸೊತ್ತಲ್ಲ, ಹಾಗಾಗಿ ಅವನು ಅದನ್ನು ಒತ್ತೆ ಇಡಲಾರ. ಸಾಲ ಕೊಟ್ಟವನು ಅಪ್ಪನಿಂದ ಹಣ ಕೇಳಬಹುದು. ಹುಡುಗನನ್ನು ಹಿಡಿದಿಟ್ಟುಕೊಂಡರೆ ಅದು ಅಪಹರಣ. ಭಾರತದಲ್ಲಿ 1933ರ ಕಾಯ್ದೆಯೂ 15 ವರ್ಷದೊಳಗಿನವರ ದುಡಿಮೆಯನ್ನು ಒತ್ತೆ ಇಡುವ ಕರಾರು ಅನೂರ್ಜಿತ ಎಂದಿತು. ಅದರಲ್ಲಿ ಒಂದು ವಿನಾಯಿತಿ ಇತ್ತು: ಮಗುವಿಗೆ ಹಾನಿಯಾಗಬಾರದು, ಪ್ರತಿಫಲ ನ್ಯಾಯವಾದ ಕೂಲಿ ಮಾತ್ರವಾಗಿರಬೇಕು, ಹೆಚ್ಚೆಂದರೆ ಒಂದು ವಾರದ ಮುನ್ಸೂಚನೆ ಕೊಟ್ಟು ಕೆಲಸ ಬಿಡುವಂತಿರಬೇಕು. ಮುಂಗಡದ ಹಣ ಮತ್ತು ಬಿಟ್ಟುಹೋಗಲಾಗದ ಸ್ಥಿತಿ, ಜೀತದ ಬೇರು ಈ ಎರಡರಲ್ಲೇ ಇದೆ ಎಂಬುದನ್ನು ಆ ನಿಯಮ ಸರಿಯಾಗಿ ಹಿಡಿದಿತ್ತು.

ಕಷ್ಟವಿರುವುದು ಮೊದಲನೆಯದರಲ್ಲಿ. ಹೆತ್ತವರು ಮಗುವನ್ನು ಕೊಲ್ಲುವಂತಿಲ್ಲ, ಊನ ಮಾಡುವಂತಿಲ್ಲ, ಆದರೆ ಉಣಿಸಲೇಬೇಕೆಂಬ ಕಾನೂನಿನ ಹೊಣೆ ಅವರಿಗಿಲ್ಲ ಎಂದು ರಾತ್‌ಬಾರ್ಡ್ 1982ರಲ್ಲಿ ಬರೆದರು. ಇದನ್ನು ನಾವು ಒಪ್ಪುವುದಿಲ್ಲ. ಪಾಲನೆ ಬಿಡುವವರು ಅದನ್ನು ಸಾರಿ ಹೇಳಿ, ಬೇರೆಯವರು ಮಗುವನ್ನು ಎತ್ತಿಕೊಳ್ಳಲು ಬಿಡಬೇಕು ಎಂದು ಅದೇ ಪಂಥದ ವಾಲ್ಟರ್ ಬ್ಲಾಕ್ ತಿದ್ದಿದರು. ಯಾರೂ ಮುಂದೆ ಬರದಿದ್ದರೆ ಅದರಿಂದಲೂ ಕೂಸು ಉಳಿಯದು. ಇನ್ನೊಬ್ಬ ಲಿಬರ್ಟೇರಿಯನ್ ಲೇಖಕ ಸ್ಟೀಫನ್ ಕಿನ್ಸೆಲ್ಲಾ ಅವರ ವಾದ ಇನ್ನೂ ಗಟ್ಟಿ: ಒಬ್ಬನನ್ನು ಕೆರೆಗೆ ತಳ್ಳಿದವನಿಗೆ ಅವನನ್ನು ಎತ್ತುವ ಹೊಣೆಯೂ ಇದೆ, ಹಾಗೆಯೇ ಅಸಹಾಯಕ ಜೀವವನ್ನು ಲೋಕಕ್ಕೆ ತಂದವರಿಗೆ ಅದನ್ನು ಸಾಕುವ ಹೊಣೆ.

ಈ ವಾದ ಎಡವುವುದು ದತ್ತಿನಲ್ಲಿ. ದತ್ತು ಪಡೆದವರು ಮಗುವನ್ನು ಆ ಸ್ಥಿತಿಗೆ ತಂದವರಲ್ಲ. ಅವರು ಕೊಟ್ಟದ್ದು ಸಾಕುತ್ತೇವೆಂಬ ಮಾತು, ಮಾತಿಗೆ ಇಲ್ಲಿ ಬಲವಿಲ್ಲ. ಉಳಿಯುವ ದಾರಿ ಷರತ್ತಿನ ಠೇವಣಿ: ಸಾಕದಿದ್ದರೆ ಇಷ್ಟು ಹಣ ಹೋಗಲಿ ಎಂಬುದು. ಆ ಹಣ ಹೆತ್ತವರಿಗೆ ಹೋದರೆ ಹಸಿದ ಮಗುವಿಗೆ ಸಿಗುವುದೇನೂ ಇಲ್ಲ. ಅದು ಮಗುವಿನ ಹೆಸರಿಗೇ ಸೇರಬೇಕು, ದಾವೆ ಹೂಡುವ ಅಧಿಕಾರ ನೆರೆಯವರಿಗೂ ಇರಬೇಕು, ಏಕೆಂದರೆ ಎರಡು ವರ್ಷದ ಮಗು ಕೋರ್ಟಿಗೆ ಹೋಗದು. ಠೇವಣಿಯೇ ಕಟ್ಟದವರಿದ್ದರೆ ಆ ದಾರಿಯೂ ಮುಚ್ಚಿತು.

ಹಾಗಾಗಿ ಹೊಣೆಯ ಮೂಲವನ್ನು ಬೇರೆಡೆ ಹುಡುಕಬೇಕು. ಮಗುವನ್ನು ತಮ್ಮ ಮನೆಯೊಳಗಿಟ್ಟುಕೊಂಡವರು ಉಳಿದವರೆಲ್ಲರನ್ನೂ ಅದರಿಂದ ದೂರವಿಟ್ಟಿರುತ್ತಾರೆ. ಬಾಗಿಲು ಹಾಕಿಕೊಂಡು ಉಣಿಸದಿರುವುದು ಸುಮ್ಮನಿರುವುದಲ್ಲ, ಅದು ಲಿಬರ್ಟೇರಿಯನ್ನರೂ ಒಪ್ಪದ ಆಕ್ರಮಣವೇ. ಹೆತ್ತವರಾಗಲಿ ದತ್ತು ಪಡೆದವರಾಗಲಿ, ಮಗುವನ್ನು ಸಾಕಬಲ್ಲ ಇನ್ನೊಂದು ಕೈಗೆ ಒಪ್ಪಿಸುವವರೆಗೆ ಆ ಹೊಣೆ ಇಳಿಯುವುದಿಲ್ಲ.

ಎಷ್ಟೇ ಚಿಕ್ಕವರಾದರೂ ಮಗು ಮನೆ ಬಿಟ್ಟು ಓಡಿಹೋಗಬಹುದೆಂಬ ರಾತ್‌ಬಾರ್ಡ್ ನಿಯಮಕ್ಕೂ ಇದೇ ಅಳತೆ ಹಿಡಿಯಿರಿ. ಏಟು ತಾಳದೆ ಓಡಿದ ಒಂಬತ್ತು ವರ್ಷದವಳನ್ನೂ ದಲ್ಲಾಳಿಯ ಆಸೆಮಾತಿಗೆ ಹೊರಟವಳನ್ನೂ ಅದು ಒಂದೇ ಎಂದು ಎಣಿಸುತ್ತದೆ. ಅವಳನ್ನು ಕರೆದುಕೊಂಡವರ ಬಾಗಿಲು ನಾಳೆ ಅವಳು ಹೊರಹೋಗಲು ತೆರೆದಿರುತ್ತದೆಯೇ ಎಂಬುದನ್ನು ಮೊದಲು ಕೇಳಬೇಕು.