ಚೆಂಡು ತಗೊ, ತಿರುಗಿಸಿ ನೋಡಿ ತಗೊ

ತಮ್ಮಾ,

ನಿನ್ನ ಪತ್ರ ಓದಿ ನಗು ಬಂತು. ಅಮೆರಿಕದ ಸೇಂಟ್ ಲೂಯಿಸ್‌ಗೆ ಬಂದು ಮೂರೇ ತಿಂಗಳು. ಅಷ್ಟರಲ್ಲೇ ಎದುರುಮನೆ ಅಜ್ಜಿ ನಿನ್ನನ್ನು ಚರ್ಚಿನ ನೆಲಮಾಳಿಗೆಗೆ ಕರೆದಿದ್ದಾರೆ. ಹಳೇ ಬೇಸ್‌ಬಾಲ್ ಆಟಗಾರರು ಸಹಿ ಹಾಕಿದ ಚೆಂಡು, ಫೋಟೋ ಮಾರಾಟ. ಬಂದ ದುಡ್ಡು ನಿವೃತ್ತರ ಮನೆಯವರಿಗೆ. ಶನಿವಾರ ಮೇಜು ನೋಡಿಕೊಳ್ಳೋಕೆ ಆಗುತ್ತಾ ಅಂತ ಅವರ ಪ್ರಶ್ನೆ. "ಕೋಟಿ ಕೋಟಿ ಎಣಿಸೋರಿಗೆ ನಾನ್ಯಾಕಕ್ಕಾ ಚಂದಾ ಎತ್ತಬೇಕು, ಇದರಲ್ಲಿ ಏನಾದ್ರೂ ಮೋಸ ಇದೆಯಾ?" ಅನ್ನೋದು ನಿನ್ನ ಪ್ರಶ್ನೆ. ಬಂದ ಹೊಸದರಲ್ಲಿ ನಾನೂ ಇದನ್ನೇ ಕೇಳಿದ್ದೆ.

ಕೋಟಿ ಎಣಿಸೋದು ಈಗಿನವರು ಕಣೋ. 1947ರಿಂದ 1979ರ ನಡುವೆ ಆಡಿ, ಮೇಜರ್ ಲೀಗ್‌ನಲ್ಲಿ, ಅಂದರೆ ಇಲ್ಲಿನ ಅತಿ ದೊಡ್ಡ ಬೇಸ್‌ಬಾಲ್ ಲೀಗ್‌ನಲ್ಲಿ, ನಾಲ್ಕು ವರ್ಷ ತುಂಬಿಸದವರಿಗೆ ಪಿಂಚಣಿಯೇ ಇರಲಿಲ್ಲ. 1980ರಲ್ಲಿ ನಿಯಮ ಸಡಿಲಿಸಿ, 43 ದಿನ ತಂಡದಲ್ಲಿದ್ದರೂ ಸಾಕು ಅಂದರು. ಆದರೆ ಹಿಂದೆ ಆಡಿ ಹೋದವರನ್ನು ಸೇರಿಸಲಿಲ್ಲ. 2011ರಲ್ಲಿ ಅಂಥವರಿಗೂ ವರ್ಷಕ್ಕೆ ಹೆಚ್ಚೆಂದರೆ 10,000 ಡಾಲರ್ ಕೊಡೋಕೆ ಒಪ್ಪಿದರು. ಅದೂ ಆಟಗಾರ ಉಸಿರಾಡೋವರೆಗೆ ಮಾತ್ರ. ಆತ ಕಣ್ಣು ಮುಚ್ಚಿದ ತಿಂಗಳಿಂದ ಹೆಂಡತಿಗೆ ಬಿಡಿಗಾಸೂ ಇಲ್ಲ. ನಮ್ಮಲ್ಲೂ 1983ರ ವಿಶ್ವಕಪ್ ಗೆದ್ದವರಿಗೆ ಬಹುಮಾನ ಕೊಡೋಕೆ ಕ್ರಿಕೆಟ್ ಮಂಡಳಿ ಹತ್ತಿರ ದುಡ್ಡಿಲ್ಲದೆ, ಲತಾ ಮಂಗೇಶ್ಕರ್ ದೆಹಲಿಯಲ್ಲಿ ಹಾಡಬೇಕಾಯ್ತು. ನಮ್ಮ ಕಿರ್ಮಾನಿ, ಬಿನ್ನಿ ಇದ್ದ ತಂಡ ಅದು. ಈಗಿನ ಐಪಿಎಲ್ ಹರಾಜು ನೋಡಿದವರಿಗೆ ಹೇಳಿದರೆ ನಂಬ್ತಾರಾ?

ಇಂಥದ್ದೇ ಒಂದು ಮಾರಾಟದಲ್ಲಿ ನಾನು ಕೂತಿದ್ದ ಮೇಜಿನಲ್ಲಿ ಒಬ್ಬರು ವಿಧವೆ ಇದ್ದರು. ಗಂಡ ಎರಡು ಬೇಸಿಗೆ ಮೇಜರ್ ಲೀಗ್‌ನಲ್ಲಿ ಚೆಂಡು ಎಸೆದು, ಭುಜ ಹಾಳಾದ ಮೇಲೆ ಬಿಯರ್ ಲಾರಿ ಓಡಿಸಿದವರು. ಅವರ ಹತ್ತಿರ ಚೆಂಡು ಇದ್ದದ್ದು ಮೂರೋ ನಾಲ್ಕೋ. ಉಳಿದದ್ದೆಲ್ಲ ಒಂದು ಷೂ ಡಬ್ಬಿ ತುಂಬಾ ಗಂಡ ಸಹಿ ಹಾಕಿದ್ದ, ದುಡ್ಡು ಪಾವತಿಯಾದ ಮೇಲೆ ಬ್ಯಾಂಕಿನಿಂದ ವಾಪಸ್ ಬಂದ ಹಳೇ ಚೆಕ್ಕುಗಳು. ಕರೆಂಟ್ ಬಿಲ್ಲಿಗೆ ಒಂದು, ಹಲ್ಲಿನ ಡಾಕ್ಟರಿಗೆ ಒಂದು, ಮಗಳ ಪಿಯಾನೋ ಪಾಠಕ್ಕೆ ಒಂದು. ಸಂಗ್ರಾಹಕರಿಗೆ ಅವು ಬಹಳ ಇಷ್ಟವಂತೆ. ಚೆಕ್ಕಿನ ಮೇಲೆ ಯಾರೂ ಸುಮ್ಮನೆ ಗೀಚಲ್ಲವಲ್ಲ! ಆಯಮ್ಮ ಒಂದೊಂದನ್ನೂ ಕೊಡೋ ಮುಂಚೆ ಯಾವುದಕ್ಕೆ ಬರೆದದ್ದು ಅಂತ ಓದೋರು. ಪಿಯಾನೋ ಚೆಕ್ಕನ್ನು ಮಾತ್ರ ಮಧ್ಯಾಹ್ನ ಮೆಲ್ಲಗೆ ತೆಗೆದು ಕೈಚೀಲಕ್ಕೆ ಹಾಕಿಕೊಂಡರು. ನಾನು ಕಂಡೂ ಕಾಣದ ಹಾಗಿದ್ದೆ.

ಇನ್ನು ಮೋಸದ ಮಾತು. ಇದೆ, ಬೇಕಾದಷ್ಟಿದೆ. ಬಂದ ಎರಡನೇ ವರ್ಷ ಒಂದು ಸಂತೆಯಲ್ಲಿ ನಾನು ರೋಜರ್ ಮಾರಿಸ್ ಸಹಿಯ ಚೆಂಡು ಅಂತ 60 ಡಾಲರ್ ಕೊಟ್ಟು ತಂದೆ. 1961ರಲ್ಲಿ 61 ಹೋಮ್ ರನ್ (ನಮ್ಮ ಸಿಕ್ಸರ್ ಇದ್ದ ಹಾಗೆ) ಹೊಡೆದ ಪುಣ್ಯಾತ್ಮ, ಕೊನೇ ಎರಡು ವರ್ಷ ಇದೇ ಊರಿನ ಕಾರ್ಡಿನಲ್ಸ್ ತಂಡಕ್ಕೆ ಆಡಿದವನು. ಜೊತೆಗೆ ಚಿನ್ನದ ಅಂಚಿನ ಪ್ರಮಾಣಪತ್ರ ಬೇರೆ. ಆಫೀಸಿನ ಹಿರಿಯರೊಬ್ಬರಿಗೆ ಹೆಮ್ಮೆಯಿಂದ ತೋರಿಸಿದೆ. ಅವರು ಸಹಿಯನ್ನು ನೋಡಲೇ ಇಲ್ಲ, ಚೆಂಡನ್ನು ತಿರುಗಿಸಿ ಅಚ್ಚು ನೋಡಿದರು. ಕಮಿಷನರ್, ಅಂದರೆ ಮೇಜರ್ ಲೀಗ್‌ನ ಮುಖ್ಯಸ್ಥರಾಗಿದ್ದ ಬಡ್ ಸೆಲಿಗ್ ಹೆಸರಿತ್ತು. ಆ ಅಚ್ಚು ಶುರುವಾದದ್ದೇ 2000ದಲ್ಲಿ. ಅದಕ್ಕೂ ಮುಂಚೆ ಲೀಗಿನ ಅಧ್ಯಕ್ಷರ ಹೆಸರಿರೋದು. ಮಾರಿಸ್ ತೀರಿಕೊಂಡದ್ದು 1985ರಲ್ಲಿ! ಆ ಚೆಂಡು ಈಗ ನಮ್ಮ ನಾಯಿಯದು. ನನ್ನದೇನು ಮಹಾ, ಎಫ್‌ಬಿಐನವರು 'ಆಪರೇಷನ್ ಬುಲ್‌ಪೆನ್' ಅನ್ನೋ ಕಾರ್ಯಾಚರಣೆಯಲ್ಲಿ ನಕಲಿ ಸಹಿಗಳ ಜಾಲ ಹಿಡಿದಾಗ ಮದರ್ ತೆರೇಸಾ ಸಹಿ ಹಾಕಿದ ಬೇಸ್‌ಬಾಲ್ ಕೂಡ ಸಿಕ್ಕಿತ್ತು.

ಅದಕ್ಕೇ ಕೊಳ್ಳೋ ಮುಂಚೆ ಚೆಂಡನ್ನು ಪೂರ್ತಿ ತಿರುಗಿಸಿ ನೋಡು. ಹೊಲಿಗೆಗಳು ಹತ್ತಿರ ಬರೋ ಜಾಗದಲ್ಲಿ, ನೀಲಿ ಬಾಲ್ ಪೆನ್ನಿನ ಸಹಿಗೆ ಬೆಲೆ ಜಾಸ್ತಿ. ಸ್ಕೆಚ್ ಪೆನ್ನಿನದು ಚರ್ಮದಲ್ಲಿ ಹರಡುತ್ತೆ. ಲೀಗ್‌ನವರೇ ಎದುರು ನಿಂತು ದೃಢೀಕರಿಸಿದ್ದಾದರೆ ಹಾಲೊಗ್ರಾಂ ಅನ್ನೋ ಮಿನುಗೋ ಚೀಟಿ ಅಂಟಿಸಿರ್ತಾರೆ, 2001ರಿಂದ ಈ ಪದ್ಧತಿ. ದುಡ್ಡು ಯಾರ ಖಾತೆಗೆ ಹೋಗುತ್ತೆ ಅಂತ ಕೇಳೋಕೆ ಸಂಕೋಚ ಬೇಡ. ಇಲ್ಲಿ ಅದನ್ನು ಯಾರೂ ಅವಮಾನ ಅಂದುಕೊಳ್ಳಲ್ಲ. ನೋಂದಾಯಿತ ಸಂಸ್ಥೆಯಾ ಅಂತ ತೆರಿಗೆ ಇಲಾಖೆಯ ತಾಣದಲ್ಲೇ ಹುಡುಕಬಹುದು. 1986ರಲ್ಲಿ ಶುರುವಾದ ಬೇಸ್‌ಬಾಲ್ ಅಸಿಸ್ಟೆನ್ಸ್ ಟೀಮ್ ಅಂತೊಂದಿದೆ. ಕಷ್ಟದಲ್ಲಿರೋ ಹಳೇ ಆಟಗಾರರಿಗೆ, ಅವರ ಮನೆಯವರಿಗೆ ಹೆಸರು ಹೊರಗೆ ಬರದ ಹಾಗೆ ನೆರವು ಕೊಡ್ತಾರೆ. ಅಜ್ಜಿಯ ಚರ್ಚಿನವರು ಅಲ್ಲಿಗೆ ಕಳಿಸ್ತಾರೋ, ನೇರವಾಗಿ ಕುಟುಂಬಕ್ಕೆ ಕೊಡ್ತಾರೋ, ಕೇಳು. ಇನ್ನೊಂದು, 40 ಡಾಲರ್ ಬಾಳೋ ಚೆಂಡಿಗೆ 100 ಕೊಟ್ಟರೆ ದಾನ ಅಂತ ತೆರಿಗೆಯಲ್ಲಿ ತೋರಿಸೋಕೆ ಬರೋದು 60 ಮಾತ್ರ.

ನಿನ್ನ ವೀಸಾ ನಿನ್ನ ಕಂಪನಿ ಕೆಲಸಕ್ಕೆ ಮಾತ್ರ ಅನ್ನೋದು ನೆನಪಿರಲಿ. ಸೇವೆ ಅಂತ ಕೂರು, ಕೂಲಿ ಅಂತ ಒಂದು ಡಾಲರ್ ಕೊಟ್ಟರೂ ಮುಟ್ಟಬೇಡ.

ಆಟದ ನಿಯಮ ಗೊತ್ತಿಲ್ಲ ಅಂತ ಹೆದರಬೇಡ. ಗೊತ್ತಿಲ್ಲ ಅಂದರೆ ಅಲ್ಲಿ ಬಂದ ಮುದುಕರೆಲ್ಲ ಸರದಿ ಮೇಲೆ ಹೇಳಿಕೊಡ್ತಾರೆ. ನನಗೆ ಈ ಊರಲ್ಲಿ ಮೊದಲ ಸ್ನೇಹಿತರು ಸಿಕ್ಕಿದ್ದೇ ಹಾಗೆ. ಅಲ್ಲಿನ ಕಾಫಿ ಮಾತ್ರ ಪಾತ್ರೆ ತೊಳೆದ ನೀರು. ಫ್ಲಾಸ್ಕಿನಲ್ಲಿ ನಿನ್ನ ಫಿಲ್ಟರ್ ಕಾಫಿ ತಗೊಂಡು ಹೋಗು. ಅಜ್ಜಿಗೂ ಒಂದು ಲೋಟ ಕೊಡು, ಸಕ್ಕರೆ ಕೇಳಿ ಹಾಕು.

ನಿನ್ನ ಅಕ್ಕ