ತಪ್ಪು ಕಂಡರೂ ತಂಡದವರು ಯಾಕೆ ಬಾಯಿ ಬಿಡುವುದಿಲ್ಲ?

ನಮಸ್ಕಾರ. ನಿಮ್ಮ ತಂಡದ ಕಿರಿಯರಿಗೆ ತೊಂದರೆ ಮೊದಲೇ ಗೊತ್ತಿತ್ತು, ಆದರೂ ಮೀಟಿಂಗಿನಲ್ಲಿ ಗಟ್ಟಿಯಾಗಿ ಹೇಳಲಿಲ್ಲ, ಏನು ಮಾಡಲಿ ಎಂದು ಕೇಳಿದ್ದೀರಿ. ವಿಮಾನದವರು ಇದನ್ನು ಜೀವಗಳನ್ನು ಕಳೆದುಕೊಂಡು ಕಲಿತರು.

1978ರ ಡಿಸೆಂಬರ್ 28. ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ಇಳಿಯಬೇಕಿದ್ದ ಯುನೈಟೆಡ್ 173 ವಿಮಾನದ ಚಕ್ರಗಳು ದೊಡ್ಡ ಸದ್ದು ಮಾಡಿ ಕೆಳಗಿಳಿದವು. ಸರಿಯಾಗಿ ಕೂತಿವೆಯೋ ಇಲ್ಲವೋ ಎಂಬ ಅನುಮಾನ ಬಂತು. ಕ್ಯಾಪ್ಟನ್ ಅದರಲ್ಲೇ ಮುಳುಗಿ ಸುಮಾರು ಒಂದು ಗಂಟೆ ಸುತ್ತು ಹೊಡೆದರು. ಇಂಧನ ಕಡಿಮೆಯಾಗುತ್ತಿರುವುದು ಕಾಕ್‌ಪಿಟ್‌ನಲ್ಲೇ ಕೂತು ಇಂಜಿನ್, ಇಂಧನ ನೋಡಿಕೊಳ್ಳುವ ಫ್ಲೈಟ್ ಇಂಜಿನಿಯರ್‌ಗೆ ಗೊತ್ತಿತ್ತು. ಹೇಳಿದರು ಕೂಡ, ಆದರೆ ಮೆತ್ತಗೆ. ಈಗಲೇ ಇಳಿಯಲೇಬೇಕು ಎಂದು ಪಟ್ಟು ಹಿಡಿಯಲಿಲ್ಲ. ಇಂಧನ ಮುಗಿದು ವಿಮಾನ ಬಿತ್ತು. 189 ಜನರಲ್ಲಿ 10 ಮಂದಿ ಸತ್ತರು. ಆಮೇಲೆ ನೋಡಿದರೆ ಚಕ್ರಗಳು ಸರಿಯಾಗಿಯೇ ಕೆಳಗೆ ಕೂತಿದ್ದವು! ನನಗೆ ಇಂದಿಗೂ ಸಂಕಟವಾಗುವುದು ಅದಕ್ಕೇ.

ತನಿಖೆಯವರು ಕಿರಿಯರಿಗೆ ಧೈರ್ಯವಾಗಿ ಹೇಳುವುದನ್ನೂ, ಕ್ಯಾಪ್ಟನ್‌ಗೆ ಎಲ್ಲರನ್ನೂ ಜೊತೆಗೆ ಕರೆದುಕೊಂಡು ಹೋಗುವುದನ್ನೂ ಕಲಿಸಿ ಎಂದರು. 1981ರಲ್ಲಿ ಯುನೈಟೆಡ್ ಆ ತರಬೇತಿ ಶುರು ಮಾಡಿತು. ಎರಡೂ ಕಡೆಯವರಿಗೆ ಕಲಿಸಿದ್ದು ಮುಖ್ಯ, ಅಲ್ವಾ? ನಾವು ಜಾಸ್ತಿ ಕಿರಿಯರಿಗೆ ಮಾತ್ರ ಬುದ್ಧಿ ಹೇಳುತ್ತೇವೆ.

ಹಾಗಾಗಿ ನಿಮ್ಮಿಂದಲೇ ಶುರು ಮಾಡಿ. ನಿಮ್ಮ ಅಭಿಪ್ರಾಯವನ್ನು ಕೊನೆಗೆ ಹೇಳಿ, ಎಲ್ಲರಿಗಿಂತ ಹೊಸಬರನ್ನು ಮೊದಲು ಕೇಳಿ. ‘ಏನಾದರೂ ಡೌಟ್ ಇದೆಯಾ?’ ಎಂದರೆ ಎಲ್ಲರೂ ಸುಮ್ನೆ ತಲೆ ಆಡಿಸುತ್ತಾರೆ. ‘ನಾನು ಏನು ಬಿಟ್ಟಿದ್ದೇನೆ?’ ಎಂದು ಕೇಳಿ ನೋಡಿ. ಒಂದು ಸಮಸ್ಯೆಯ ಹಿಂದೆ ಎಲ್ಲರೂ ಬಿದ್ದಾಗ ಗಡುವು ನೋಡಿಕೊಳ್ಳಲು ಒಬ್ಬರನ್ನು ಬಿಡಿ. ‘ಈಗ ನಿಲ್ಲಿಸಬೇಕು’ ಎಂದು ಅವರು ಹೇಳಿದರೆ ನಿಜವಾಗಿ ನಿಲ್ಲಿಸಿ, ಎಲ್ಲರ ಮುಂದೆ ಥ್ಯಾಂಕ್ಸ್ ಹೇಳಿ.